ಅಜ್ಜಿ ಕಂಡ ಹವಳ

"ಇದನ್ನ ಮುಟ್ಟಿದ ಕೈಯೇನೇ ಅದು? ಆಚೆ ನಡಿ, ಮೈಗೆ ನೀರು ಹಾಕ್ಕೊಂಡ್ ಬಾ!" ಎಂದು ಅಜ್ಜಿ ನನ್ನನ್ನು ರೇಷ್ಮೆ ಹುಳು ಮನೆಯಿಂದ ಅಟ್ಟಿದಳು.

ನಾನು ತೋರಿಸಿದ್ದು ಮೊಬೈಲಿನಲ್ಲಿದ್ದ ಹವಳದ ಫೋಟೊ. ರಾಮೇಶ್ವರದ ಕಡಲಲ್ಲಿ ಮುಳುಗಿ ಹವಳ ಬೆಳೆಸುವುದು, ಅದರ ಆರೋಗ್ಯ ನೋಡುವುದು ನನ್ನ ಸಂಶೋಧನೆ. ನೀರು ಬಿಸಿಯಾಗಿ ಅದು ಬೆಳ್ಳಗಾಗಿತ್ತು. ಅಜ್ಜಿಗೆ ಕಂಡದ್ದು ಸುಣ್ಣಕಟ್ಟು. ರೇಷ್ಮೆ ಹುಳುಗಳನ್ನು ಬೆಳ್ಳಗೆ ಮಾಡಿ ಕೊಲ್ಲುವ ಅಂಟುರೋಗ.

ಸ್ನಾನ ಮಾಡಿ ಬಂದು ಹೇಳಿದೆ: "ಇದು ಅಂಟಲ್ಲ ಅಜ್ಜಿ. ಹವಳಾನೂ ಸಣ್ಣ ಸಣ್ಣ ಜೀವಾನೇ. ಬೆಳ್ಳಗಾದ್ರೂ ಇನ್ನೂ ಸತ್ತಿಲ್ಲ, ನೀರು ತಣ್ಣಗಾದ್ರೆ ಬದುಕ್ತವೆ."

ಸಮುದ್ರದ ಸಹವಾಸ ಬಿಟ್ಟು ಇಲ್ಲೇ ಸುಗಟೂರಿನ ಹತ್ತಿರ ಟೀಚರ್ ಕೆಲಸ ಹಿಡಿ ಎಂದು ನಾನು ಬಂದಾಗಿನಿಂದ ಹಟ ಹಿಡಿದವಳು ಇದೇ ಅಜ್ಜಿ. ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದಳು.

"ಜೀವ ಐತೆ ಅಂತೀಯ, ಮತ್ತೆ ನೀನಿಲ್ಲಿ ಏನ್ ಮಾಡ್ತಿದೀಯ? ಕಾಯಿಲೆ ಬಿದ್ದ ಹುಳಾನ ಬಿಟ್ಟು ಯಾರಾದ್ರೂ ಊರಿಗೆ ಬರ್ತಾರೇನೇ?"

ಮರುದಿನವೇ ಹೊರಟೆ. ಈಗ ಫೋನ್ ಮಾಡಿದರೆ ನನ್ನ ಊಟದ ವಿಚಾರ ಆಮೇಲೆ. ಅಜ್ಜಿ ಮೊದಲು ಕೇಳುವುದು, "ಹುಳ ಹೆಂಗವೆ?"