ಮಂಜುಲಾಬೇನ್ ಕೂತ ಡೈರಿ

ಇವತ್ತು ಬೆಳಿಗ್ಗೆ ನಮ್ಮ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಗುಜರಾತಿಯಲ್ಲಿ ಬರೆದ ಒಂದು ಚೀಟಿ ಕಂಡೆ. ಬಿ-204 ಮತ್ತು ಬಿ-304ರ ನಡುವಿನ ಪಾರ್ಕಿಂಗ್ ತಕರಾರಿನ ಬಗ್ಗೆ ಸಂಜೆ ಐದಕ್ಕೆ 'ಸಮಾಧಾನ್' ಸಭೆ. ಬಿ-304 ಅಂದರೆ ನಾನು. ಬಿ-204 ಪಾರೇಖ್ ಅವರದು. ನಾನು ವಡೋದರಾಕ್ಕೆ ಬಂದು ಏಳು ತಿಂಗಳಾಯಿತು. ಅಷ್ಟರಲ್ಲಿ ಅವರ ಸ್ಕೂಟರ್ ನನ್ನ ಜಾಗದಲ್ಲಿ ನಿಂತದ್ದು ಮೂವತ್ತೊಂದು ಸಲ. ದಿನ, ಹೊತ್ತು, ಎಷ್ಟು ಓರೆಯಾಗಿ ನಿಂತಿತ್ತು ಎಂಬುದು ಸಹಿತ ನನ್ನ ಹತ್ತಿರ ಪಟ್ಟಿಯಿದೆ.

ಆದರೆ ಆ ಒಂದು ಪದ ಓದಿದ್ದೇ ತಡ, ಮೂಗಿಗೆ ಮೆಂತ್ಯಸೊಪ್ಪಿನ ವಾಸನೆ ಬಂತು. ನೋಟಿಸ್ ಬೋರ್ಡಿಗೂ ಮೆಂತ್ಯಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ಅಹಮದಾಬಾದಿನ ಕಡೆ ಸುತ್ತಿಕೊಂಡು ಬರೋಣ.

ಮೂರು ವರ್ಷದ ಹಿಂದೆ ನಾನು ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ವಾಸ ಮಣಿನಗರದಲ್ಲಿ, ಹುಬ್ಬಳ್ಳಿಯ ಬಸವರಾಜನ ಜತೆ. ಅವನು ವಿಮಾ ಕಚೇರಿಯವನು. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡು ನನ್ನ ಡೈರಿಯನ್ನು ಲೇವಡಿ ಮಾಡುವುದು ಅವನ ನಿತ್ಯಪೂಜೆಯ ಭಾಗವಾಗಿತ್ತು. ಕಾರ್ಖಾನೆಯಲ್ಲಿ ಪ್ರತಿ ಬ್ಯಾಚಿಗೂ ನಂಬರು ಹಾಕಿ ಫಲಿತಾಂಶ ಬರೆಯುವುದು ನನ್ನ ಕೆಲಸ. ಅದೇ ರೂಢಿಯಲ್ಲಿ ಡೈರಿಯಲ್ಲಿ ನನ್ನ ಪ್ರಾರ್ಥನೆಗಳಿಗೂ ನಂಬರು ಹಾಕುತ್ತಿದ್ದೆ. ಮುಂದೆ ಮೂರರಲ್ಲಿ ಒಂದು ಷರಾ: 'ಬಂತು', 'ಬರಲಿಲ್ಲ', 'ಪರಿಶೀಲನೆಯಲ್ಲಿದೆ'. ದೇವರ ಕಚೇರಿಯಲ್ಲಿ ಹೆಚ್ಚಿನ ಕಡತಗಳು ಪರಿಶೀಲನೆಯಲ್ಲೇ ಇರುತ್ತವೆ ಎಂಬುದು ಆ ದಿನಗಳ ನನ್ನ ಸಂಶೋಧನೆ.

ಅದೇ ವರ್ಷ ಅಪ್ಪ ತೀರಿಕೊಂಡರು. ಬೆಟಗೇರಿಯ ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದವರು. ಎದೆನೋವು ಅಂತ ಎರಡು ಸಲ ಆಸ್ಪತ್ರೆ ಸೇರಿದಾಗಲೂ ಫೋನಿನಲ್ಲಿ ಒಂದೇ ಮಾತು: "ನಾ ಆರಾಮ ಅದೀನಪಾ. ನೀ ಬರಬ್ಯಾಡ, ನಿನ್ನ ಕೆಲಸಾ ನೋಡ್ಕೊ." ನಾನು ವಿಧೇಯ ಮಗ, ಹೋಗಲಿಲ್ಲ. ಅವರಿಗಾಗಿ ನಲವತ್ತಾರು ಸಲ ಪ್ರಾರ್ಥಿಸಿದ್ದೆ. ನಲವತ್ತಾರಕ್ಕೂ ಒಟ್ಟಿಗೆ 'ಬರಲಿಲ್ಲ' ಅಂತ ಬರೆದೆ. ಅದು ಡೈರಿಯ ಎಡಪುಟ, ದೇವರ ತಪ್ಪುಗಳದು. ಬಲಪುಟ ನನ್ನ ತಪ್ಪುಗಳದು. ಕೊನೆಯ ತಿಂಗಳಲ್ಲಿ ಅಪ್ಪ ಕರೆ ಮಾಡಿದಾಗ ನಾನು ಎತ್ತದೇ ಇದ್ದದ್ದು ಹದಿನಾಲ್ಕು ಸಲ, ಆಮೇಲೆ ನಾನು ತಿರುಗಿ ಮಾಡಿದ್ದು ಐದಕ್ಕೆ ಮಾತ್ರ. ಅವರ ಕೊನೆಯ ಕರೆ ಆ ಐದರಲ್ಲಿ ಇರಲಿಲ್ಲ. ಯಾಕೆ ಮಾಡಿದ್ದರೋ ಅವ್ವನಿಗೂ ಗೊತ್ತಿಲ್ಲ. ದಿನವೂ ಆ ಎರಡು ಪುಟ ತೆಗೆದು ಕೂಡಿಸುತ್ತಿದ್ದೆ. ಕೂಡಿಸಿದಷ್ಟೂ ಅನ್ನ ಸೇರದು, ಕೆಲಸದಲ್ಲಿ ಮನಸ್ಸು ನಿಲ್ಲದು. ಕೆಂಪು ಬಣ್ಣದ ಬ್ಯಾಚನ್ನು ಮರೂನ್ ಅಂತ ಬರೆದು ಎರಡು ಸಲ ಬೈಸಿಕೊಂಡೆ. ನನಗೆ ಬೇಕಾಗಿದ್ದದ್ದು ಒಂದೇ, ಸ್ವಲ್ಪ ಸಮಾಧಾನ.

ಅದನ್ನೇ ಕೇಳಿದೆ. ನಾನು ಹೋಗುತ್ತಿದ್ದದ್ದು ಗುಜರಾತಿ ಚರ್ಚಿಗೆ. ಪ್ರಸಂಗ ಅರ್ಥವಾಗುತ್ತಿರಲಿಲ್ಲ, ಹೀಗಾಗಿ ಅದರ ಬಗ್ಗೆ ನನಗೆ ಯಾವ ಭಿನ್ನಾಭಿಪ್ರಾಯವೂ ಇರಲಿಲ್ಲ. ಕೊನೆಯಲ್ಲಿ ಯಾರಿಗೆ ಏನು ಪ್ರಾರ್ಥನೆ ಬೇಕು ಎಂದು ಕೇಳುವ ಪದ್ಧತಿ. ಒಂದು ಭಾನುವಾರ ಧೈರ್ಯ ಮಾಡಿ, ಎಷ್ಟು ತಿಕ್ಕಿದರೂ ನೀಲಿ ಬಿಡದ ನನ್ನ ಕೈ ಎತ್ತಿ, ವಾರವಿಡೀ ಉರುಹೊಡೆದ ವಾಕ್ಯ ಹೇಳಿದೆ: "ಮನೇ ಸಮಾಧಾನ್ ಜೋಯಿಯೇ." ನನಗೆ ಸಮಾಧಾನ ಬೇಕು.

ಚರ್ಚಿನಲ್ಲಿ ಒಂದು ಗುಜುಗುಜು ಎದ್ದಿತು. ಮುಂದಿನ ಸಾಲಿನ ಮೂವರು ತಿರುಗಿ ನೋಡಿದರು. ಪಾಸ್ಟರ್ ಕಣ್ಣುಮುಚ್ಚಿ ಬಹಳ ಹೊತ್ತು ಪ್ರಾರ್ಥಿಸಿದರು. ಅದರಲ್ಲಿ 'ಪತ್ನಿ' ಎಂಬ ಪದ ನಾಲ್ಕು ಸಲ ಬಂತು. ನನಗೆ ಮದುವೆಯೇ ಆಗಿರಲಿಲ್ಲ. ಗುಜರಾತಿಯಲ್ಲಿ ಪತ್ನಿ ಅಂದರೆ ಬಹುಶಃ ಮನಶ್ಶಾಂತಿ ಇರಬೇಕು ಅಂದುಕೊಂಡು ಆಮೆನ್ ಅಂದೆ.

ಮನೆಗೆ ಬಂದು ಬಸವರಾಜನಿಗೆ ಹೇಳಿದರೆ ಅವನು ಚಹಾ ಕೆಳಗಿಟ್ಟು ನಕ್ಕ. "ಲೇ ಹುಚ್ಚಪ್ಪ, ಇಲ್ಲಿ ಸಮಾಧಾನ ಅಂದ್ರ ರಾಜಿ. ನಾಕು ಮಂದಿ ಕೂಡಿಸಿ ಗಂಡಾ ಹೇಂತಿ ಜಗಳಾ ಬಗಿಹರಸ್ತಾರಲ್ಲ, ಅದು. ನೀ ಕೇಳಬೇಕಾಗಿದ್ದು ಶಾಂತಿ. ಈಗ ಇಡೀ ಮಣಿನಗರ ನಿನ್ನ ಹೇಂತಿನ್ನ ಹುಡಕಾಕ ಹತ್ತೈತಿ, ನೋಡು."

ಅವನು ಹೇಳಿದ್ದು ಸುಳ್ಳಲ್ಲ. ಅವತ್ತೇ ಮಧ್ಯಾಹ್ನ ಮಂಜುಲಾಬೇನ್ ಬಾಗಿಲು ತಟ್ಟಿದರು. ಅವರು ನಿವೃತ್ತ ನರ್ಸ್. ಚರ್ಚಿನಲ್ಲಿ ಗಂಡಹೆಂಡಿರ, ಅಣ್ಣತಮ್ಮಂದಿರ ಜಗಳಗಳಿಗೆಲ್ಲ ರಾಜಿ ಮಾಡಿಸುವವರು. ಅಗಲಕ್ಕೂ ತೂಕಕ್ಕೂ ತಕ್ಕ ಗಾಂಭೀರ್ಯ. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರ ತುಂಬ ಥೇಪ್ಲಾ, ಮೆಂತ್ಯಸೊಪ್ಪು ಹಾಕಿದ ಗುಜರಾತಿ ಚಪಾತಿ. ಜಗಳ ಬಿಡಿಸುವ ಮೊದಲು ಹೊಟ್ಟೆ ತುಂಬಿಸುವುದು ಅವರ ಕ್ರಮವಂತೆ. ಬಸವರಾಜ ಎರಡು ಥೇಪ್ಲಾ ಎತ್ತಿಕೊಂಡು, ನಮ್ಮ ಖಾಸಗಿ ವಿಚಾರಕ್ಕೆ ಅಡ್ಡಿಯಾಗಬಾರದೆಂದು ಒಳಗೆ ಹೋದ.

ಮಂಜುಲಾಬೇನರದೂ ನನ್ನದೂ ಎರಡೂ ಕುಂಟು ಹಿಂದಿ. ಅದರಲ್ಲೇ ಅವರು ಕೇಳಿದರು, "ದೀಕರಾ, ಎದುರು ಪಾರ್ಟಿ ಯಾರು?" ದೀಕರಾ ಅಂದರೆ ಮಗನೇ ಅಂತ.

ಹೆಂಡತಿ ಇಲ್ಲ, ಭಾಷೆಯ ತಪ್ಪು, ಕ್ಷಮಿಸಿ ಎಂದು ಹೇಳಿ ಕಳಿಸಬಹುದಿತ್ತು. ಆದರೆ ಪ್ರಶ್ನೆ ಸರಿಯಾಗೇ ಇದೆ ಅನ್ನಿಸಿತು. ಸ್ವಲ್ಪ ಉದ್ಧಟತನದಿಂದಲೇ "ದೇವರು" ಅಂದೆ.

ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ದೊಡ್ಡ ಪಾರ್ಟಿ. ಕಾಗದ ಏನಿದೆ, ತೋರಿಸು."

ಡೈರಿ ಕೊಟ್ಟೆ. ಅವರಿಗೆ ಕನ್ನಡ ಬಾರದು, ಹಿಂದಿಯಲ್ಲಿ ಓದಿ ಹೇಳು ಅಂದರು. ಎಡಪುಟವನ್ನು ವಕೀಲರ ಗತ್ತಿನಲ್ಲಿ ಓದಿದೆ. ಅವರು ತಲೆಯಾಡಿಸುತ್ತ ಕೇಳಿದರು, ದೇವರ ಪರ ಒಂದು ಮಾತೂ ಎತ್ತಲಿಲ್ಲ. ಬಲಪುಟಕ್ಕೆ ಬಂದಾಗ ಹದಿನಾಲ್ಕು ಕರೆಗಳನ್ನು ಒಂದೊಂದಾಗಿ ಓದಲು ಶುರುಮಾಡಿದೆ. ಒಂಬತ್ತರ ಮುಂದೆ ಹೋಗಲಾಗಲಿಲ್ಲ.

ಮಂಜುಲಾಬೇನ್ ಡೈರಿಯನ್ನು ನನ್ನ ಕೈಯಿಂದ ತೆಗೆದುಕೊಂಡರು, ಮುಚ್ಚಿದರು, ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತರು. ಪಟ್ ಅಂತ ಒಂದು ಸದ್ದಾಯಿತು. ಬೆನ್ನು ಮುರಿದದ್ದು ಡೈರಿಯದು.

"ರಾಜಿಗೆ ಕೂತಾಗ ಎರಡೂ ಕಡೆಯ ಪಟ್ಟಿಯ ಮೇಲೆ ನಾನು ಕೂರುತ್ತೇನೆ," ಎಂದರು, ಥೇಪ್ಲಾ ಮುರಿಯುತ್ತ. "ಪಟ್ಟಿ ಕೈಯಲ್ಲಿದ್ದರೆ ಯಾರೂ ಎದುರಿನವರ ಮುಖ ನೋಡುವುದಿಲ್ಲ."

"ದೇವರ ಪಟ್ಟಿ ಎಲ್ಲಿದೆ?" ಅಂತ ಕೇಳಿದೆ. ತಮಾಷೆಗೆ ಕೇಳಿದ್ದಲ್ಲ. ಇಷ್ಟು ದಿನ ನಾನು ಹೆದರಿದ್ದದ್ದು ಅದಕ್ಕೇ.

"ಅವನು ಪಟ್ಟಿ ತಂದಿಲ್ಲ. ಅವನ ಕೈಯಲ್ಲಿ ಶಿಲುಬೆಯ ಮೊಳೆಯ ತೂತು ಬಿಟ್ಟರೆ ಏನೂ ಇಲ್ಲ. ಆ ಬಲಪುಟ ಇದೆಯಲ್ಲ, ಅದನ್ನು ಅವನ ಹೆಸರಲ್ಲಿ ನೀನೇ ಬರೆಯುತ್ತಾ ಬಂದಿದ್ದೀಯ. ನಿಮ್ಮ ಅಪ್ಪನೂ ಅಂಥ ಪಟ್ಟಿ ಬರೆದಿರಲಾರರು."

ನಾನು ಅತ್ತೆ. ಎಷ್ಟು ಹೊತ್ತು ಅಂತ ಹೇಳಲಾರೆ. ಬರೆದುಕೊಳ್ಳುವ ಪುಸ್ತಕ ಅವರ ಕೆಳಗಿತ್ತು. ಅವರು ಸಮಾಧಾನ ಹೇಳಲಿಲ್ಲ, ಪ್ರಾರ್ಥನೆಯನ್ನೂ ಮಾಡಲಿಲ್ಲ, ಇನ್ನೊಂದು ಥೇಪ್ಲಾ ನನ್ನ ತಟ್ಟೆಗೆ ಹಾಕಿದರು. ತಿಂಗಳುಗಟ್ಟಲೆ ಸೇರದಿದ್ದ ಊಟ ಅವತ್ತು ಸೇರಿತು. ತಿನ್ನುತ್ತಿದ್ದಂತೆ, ಯಾರೋ ನನ್ನನ್ನು ಬಹಳ ದಿನದಿಂದ ಸುಮ್ಮನೆ ಇಷ್ಟಪಡುತ್ತ ಕೂತಿದ್ದರು, ನಾನು ರಸೀದಿ ಕೇಳುತ್ತ ಅವರ ಕಡೆ ನೋಡಿಯೇ ಇರಲಿಲ್ಲ ಅನ್ನಿಸಿತು. ದೇವರ ಪ್ರೀತಿ ಅಂದರೆ ಇದು ಅಂತ ಬೆಟಗೇರಿಯ ಸಂಡೇ ಸ್ಕೂಲಿನಲ್ಲಿ ನೂರು ಸಲ ಕಲಿತು ಬಹುಮಾನ ಪಡೆದವನು ನಾನು. ಗೊತ್ತಾದದ್ದು ಮಾತ್ರ ಅವತ್ತು. ಡೈರಿ ಕೈಗೆ ಬಂದಾಗ ಬೆಚ್ಚಗಿತ್ತು, ಎಣ್ಣೆಯ ಕಲೆಯೂ ಬಿದ್ದಿತ್ತು. ಅದರ ಹಾಳೆಗಳಲ್ಲಿ ಮೆಂತ್ಯದ ವಾಸನೆ ಇನ್ನೂ ಹೋಗಿಲ್ಲ.

ಅಂದಿನಿಂದ ನಾನು ಲೆಕ್ಕ ಬಿಟ್ಟು ಸಂತನಾದೆ ಅಂತ ನೀವು ಭಾವಿಸಬಾರದು. ಸ್ಕೂಟರಿನ ಪಟ್ಟಿ ನಿಮಗೆ ಮೊದಲೇ ಹೇಳಿದ್ದೇನಲ್ಲ.

ಸಂಜೆ ಐದಕ್ಕೆ ಆ ಪಟ್ಟಿ ಹಿಡಿದೇ ಸಭೆಗೆ ಹೋದೆ. ಪಾರೇಖ್ ನನಗಿಂತ ಮುಂಚೆ ಬಂದಿದ್ದರು. ಅವರೂ ಖಾಲಿ ಕೈಯಲ್ಲಿ ಬಂದಿರಲಿಲ್ಲ. ಮೇಲೆ ನಾನು ಒಣಹಾಕಿದ ಬಟ್ಟೆಯಿಂದ ಅವರ ತುಳಸಿಗಿಡದ ಮೇಲೆ ನೀರು ತೊಟ್ಟಿಕ್ಕಿದ್ದಕ್ಕೆ ಮೊಬೈಲಿನಲ್ಲಿ ಹತ್ತೊಂಬತ್ತು ಫೋಟೊಗಳಿದ್ದವು. ನಾನು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತೆ. ಪಾರೇಖ್ ಒಂದೊಂದೇ ಫೋಟೊ ತೋರಿಸುತ್ತ ಹೋದರು. ಫೋಟೊ ಬಿಟ್ಟು ಅವರ ಮುಖ ನೋಡಿದೆ. ಕಣ್ಣ ಕೆಳಗೆ ಕಪ್ಪು, ಗಡ್ಡ ಬೋಳಿಸಿರಲಿಲ್ಲ. ಪಾಪ, ಅವರೂ ಏಳು ತಿಂಗಳಿಂದ ಎಣಿಸುತ್ತಲೇ ಇದ್ದಾರೆ.

ನಿಮ್ಮ ಹತ್ತಿರ ಏನಿದೆ ಅಂತ ಸೆಕ್ರೆಟರಿ ನನ್ನನ್ನು ಕೇಳಿದರು. ಏನೂ ಇಲ್ಲ ಅಂದೆ. ನನ್ನ ತೂಕ ಐವತ್ತೆಂಟು ಕಿಲೋ, ಮಂಜುಲಾಬೇನರ ಮುಂದೆ ಲೆಕ್ಕಕ್ಕಿಲ್ಲ. ಕೆಳಗೆ ಕಾಗದ ಸರಪರ ಅನ್ನುತ್ತಲೇ ಇತ್ತು. ನಾನು ಇನ್ನಷ್ಟು ಊರಿ ಕೂತೆ.