ಎಡಗಡೆ ಸೀಟಿನ ತೂಕ

ನನ್ನ ಕಾರಿನ ಮುಂದಿನ ಗಾಲಿಗಳ ತಲೆ ಸ್ವಲ್ಪ ಒಳಕ್ಕೆ ವಾಲಿಕೊಂಡಿದೆ. ನೋಡಿದವರು, ‘ಏನ್ರಿ ಸರ, ಗಾಡಿ ಎಲ್ಯಾರ ಬಡದೈತೇನು?’ ಎಂದು ಕನಿಕರದಿಂದ ಕೇಳುತ್ತಾರೆ. ಎಲ್ಲೂ ಬಡಿದಿಲ್ಲ, ಮುತುವರ್ಜಿ ವಹಿಸಿ ನಾನೇ ಹಾಗೆ ವಾಲಿಸಿದ್ದೇನೆ ಎನ್ನಲು ನಾಚಿಕೆ. ನಾನು ಸಿಂಧನೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವನು. ಕೂದಲು ಹಣೆಯಿಂದ ಹಿಂದಕ್ಕೆ ಸರಿದ ಮೇಲೆ ಯಾಕೋ ಕಾರಿನ ಚಂದದ ಕಡೆ ಗಮನ ಹರಿಯಿತು. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದೆ. ಅಗಲವಾದ ಟೈರು ಹಾಕಿಸಿದೆ. ಮುಂದಿನ ಗಾಜಿನ ನೆತ್ತಿಗೆ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಅಂಟಿಸಿದೆ.

ಇಷ್ಟಾದ ಮೇಲೆ ಉಳಿದದ್ದು ಗಾಲಿಗಳ ಅಲೈನ್‌ಮೆಂಟ್. ಉಳಿದವರು ಇದನ್ನು ಟೈರು ಸವೆದಾಗ ಮಾಡಿಸುತ್ತಾರೆ. ಕಾರು ತಗ್ಗಿಸಿದವರಿಗೆ ಇದು ಜಾತಕ ಕೂಡಿಸಿದ ಹಾಗೆ. ಗಾಲಿಯ ತಲೆ ಒಳಕ್ಕೆ ಎಷ್ಟು ವಾಲಬೇಕು, ಮುಂದಿನ ಎರಡು ಗಾಲಿಗಳು ಒಂದನ್ನೊಂದು ಎಷ್ಟು ನೋಡಬೇಕು ಎಂದು ಊಟದ ತಟ್ಟೆಯ ಮುಂದೆಯೂ ಫೋನು ಹಿಡಿದು ಕೂತೆ. ಹೆಚ್ಚು ವಾಲಿಸಿದರೆ ಗಾಲಿ ತಿರುವಿನಲ್ಲಿ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಟೈರಿನ ಒಳಂಚು ಬೇಗ ಸವೆಯುತ್ತದೆ. ಇಲ್ಲಿಂದ ತನ್ನ ತವರು ಲಿಂಗಸುಗೂರಿನವರೆಗೆ ಅಷ್ಟು ಗಟ್ಟಿಯಾಗಿ ಹಿಡಿಯಬೇಕಾದ ತಿರುವು ಯಾವುದಿದೆ ಎಂದು ನನ್ನ ಹೆಂಡತಿ ಶಾರದಾ ಕೇಳಿದಳು. ನಾನು ತಟ್ಟೆ ಸರಿಸಿ ಫೋನನ್ನು ಇನ್ನೂ ಹತ್ತಿರ ಹಿಡಿದೆ.

ಓಡಿಸುವವನ ತೂಕವನ್ನು ಸೀಟಿನ ಮೇಲಿಟ್ಟೇ ಅಳತೆ ಹಿಡಿಯಬೇಕೆಂಬುದು ಈ ವಿದ್ಯೆಯ ಒಂದು ನಿಯಮ. ಬೇರೆ ಊರುಗಳಲ್ಲಿ ಏನಿಡುತ್ತಾರೋ ಕಾಣೆ, ನಮ್ಮದು ಭತ್ತದ ಊರು, ಅಕ್ಕಿ ಚೀಲ ಇಡುತ್ತಾರೆ. ಅಲೈನ್‌ಮೆಂಟ್ ಅಂಗಡಿಯ ಮೆಹಬೂಬ ಪಕ್ಕದ ಅಕ್ಕಿ ಅಂಗಡಿಯಿಂದ ಸೋನಾ ಮಸೂರಿ ಚೀಲ ತರಿಸಿ ನನ್ನ ಸೀಟಿನಲ್ಲಿ ಪೇರಿಸಿದ. ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ‘ಇನ್ನೊಂದು ಇಡ್ಲೇನ್ರಿ?’ ಎಂದ. ಇಡಿಸಿದೆ. ಉರುಳದಿರಲೆಂದು ಬೆಲ್ಟನ್ನೂ ಬಿಗಿದ. ಬೆಲ್ಟು ಕಟ್ಟಿಕೊಂಡು ಸ್ಟೇರಿಂಗಿನ ಹಿಂದೆ ಕೂತ ಅಕ್ಕಿಯನ್ನು ನೋಡಿದರೆ ನನ್ನ ಫೋಟೋ ನೋಡಿದಂತಾಯಿತು.

‘ಎಡಗಡಿ ಸೀಟಿಗೆ ಏನ್ ಮಾಡೋಣ್ರಿ ಸರ?’

‘ಅದು ಖಾಲಿ ಇರ್ಲಿ ಬಿಡು,’ ಎಂದೆ. ಪರದೆಯ ಮೇಲೆ ಅಂಕಿಗಳೆಲ್ಲ ಹಸಿರಾದಾಗ ಪರೀಕ್ಷೆ ಪಾಸಾದ ಹುಡುಗನಂತೆ ಹಿಗ್ಗಿದೆ.

ಮುಂದಿನ ವಾರ ಲಿಂಗಸುಗೂರಿನಲ್ಲಿ ಶಾರದಾಳ ಬಸುರಿ ತಂಗಿಯ ಕುಬಸವಿತ್ತು. ತಂಗಿಗೆಂದು ಹಸಿರು ಸೀರೆ, ಬಳೆ, ಹೋಳಿಗೆ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಎಡಗಡೆ ಕೂತಳು. ಕಾಲುವೆ ದಾಟುವುದರೊಳಗೆ ಎಡ ಟೈರು ಮಡ್‌ಗಾರ್ಡಿಗೆ ತಾಗಿ ಕರ್ ಎಂದಿತು. ಎರೆಭೂಮಿಯ ರಸ್ತೆ ನಿಮಗೆ ಗೊತ್ತಲ್ಲ, ಬರೀ ಏರಿಳಿತ. ಪ್ರತಿ ತಗ್ಗಿಗೂ ಕರ್. ಮೇಲಾಗಿ ಕಾರು ಎಡಕ್ಕೆ ಎಳೆಯುತ್ತಿತ್ತು. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಪರಿಚಯದ ಮೇಷ್ಟ್ರೊಬ್ಬರು, ‘ಅದೇನ್ರಿ ಸಪ್ಪಳ?’ ಎಂದರು.

‘ಸೆಟ್ಟಿಂಗ್ ಬರೋಬ್ಬರಿ ಐತ್ರಿ. ಈಕಿ ಕುಂತಳಂದ್ರ ಕೆಡತೈತಿ.’

ನಗಿಸಲು ಹೇಳಿದ್ದು. ಅವರು ನಕ್ಕರು, ಚಹಾ ಅಂಗಡಿಯವನೂ ನಕ್ಕ. ಶಾರದಾ ಮಾತ್ರ ಕಾರಿನ ಬಾಗಿಲು ತೆಗೆದು ಡಬ್ಬಿ, ಸೀರೆ ಎತ್ತಿಕೊಂಡಳು. ‘ನಿಮ್ಮ ಗಾಡಿ ಬರೋಬ್ಬರಿ ಓಡ್ಲಿ. ನಾ ಇನ್ನ ಅದರಾಗ ಕುಂದ್ರಂಗಿಲ್ಲ,’ ಎಂದವಳೇ ಲಿಂಗಸುಗೂರಿನ ಬಸ್ಸು ಹತ್ತಿದಳು. ಅವಳು ಆಡಿದ ಮಾತಿನಿಂದ ಹಿಂದೆ ಸರಿದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬಸ್ಸಿನ ಹಿಂದೆಯೇ ಹೊರಟೆ. ಕೊನೆಯ ಸೀಟಿನಲ್ಲಿ ಅವಳ ತುರುಬು ಕಾಣುತ್ತಿತ್ತು. ಮಸ್ಕಿಯ ಬಂಡೆಯ ಮೇಲೆ ಹಳೆಯ ಚಕ್ರವರ್ತಿಯೊಬ್ಬನ ಶಾಸನವಿದೆ. ಬೇರೆ ಕಡೆ ಬರೀ ಬಿರುದು ಹಾಕಿಸಿಕೊಂಡಿದ್ದವನು ಇಲ್ಲಿ ಹೆಸರು ಕೆತ್ತಿಸಿದ್ದರಿಂದ ಅವನು ಯಾರೆಂದು ಜಗತ್ತಿಗೆ ಗೊತ್ತಾಯಿತಂತೆ. ನಾನು ಯಾರೆಂದು ಶಾರದಾಳಿಗೆ ಗೊತ್ತಾದದ್ದೂ ಮಸ್ಕಿಯಲ್ಲೇ. ತಿರುಗಿ ನೋಡಿದ್ದರೆ ಗಾಜಿನ ಮೇಲೆ ನನ್ನ ಹೆಸರು ಅವಳಿಗೆ ದಪ್ಪಗೆ ಕಾಣುತ್ತಿತ್ತು. ಅವಳು ತಿರುಗಲಿಲ್ಲ.

ಆದರೆ ನನ್ನನ್ನು ಸುಡುತ್ತಿರುವ ನಾಚಿಕೆ ಆ ಮಾತಿನದಲ್ಲ. ಬಾಯಿ ತಪ್ಪಿ ಬಂತು ಎಂದು ಅದರಿಂದ ಹೇಗೋ ಪಾರಾಗಬಹುದು. ಮಸ್ಕಿ ದಾಟುತ್ತಿದ್ದಂತೆ ಸಪ್ಪಳ ನಿಂತಿತು. ಸ್ಟೇರಿಂಗನ್ನು ಸಡಿಲ ಬಿಟ್ಟರೂ ಕಾರು ದಾರ ಹಿಡಿದು ಗೆರೆ ಎಳೆದಂತೆ ನೇರ ಓಡಿತು. ಆಗ ನನಗೆ ಸಂತೋಷವಾಯಿತು. ಹೆಂಡತಿ ಮುನಿದು ಮುಂದಿನ ಬಸ್ಸಿನಲ್ಲಿ ಕೂತಿರುವಾಗ, ಅವಳಿಲ್ಲದ ಕಾರು ಎಷ್ಟು ಚೆಂದ ಓಡುತ್ತದಲ್ಲ ಎಂದು ಹಿಗ್ಗಿದವನು ನಾನು. ಇದನ್ನು ನಿಮಗಲ್ಲದೆ ಯಾರಿಗೂ ಹೇಳಿಲ್ಲ.

ಕುಬಸ ಮುಗಿಯಿತು. ವಾಪಸು ಬರುವಾಗಲೂ ಅವಳು ಬಸ್ಸಿಗೇ ಬಂದಳು. ಮರುದಿನ, ಕಾರನ್ನು ಸ್ವಲ್ಪ ಎತ್ತರಿಸಿ, ಎಡಗಡೆಗೂ ಚೀಲ ಇಟ್ಟು ಹೊಸದಾಗಿ ಸೆಟ್ಟಿಂಗ್ ಮಾಡಿಸುತ್ತೇನೆ ಎಂದು ತಲೆ ತಗ್ಗಿಸಿ ಹೇಳಿದೆ.

‘ನನ್ನ ಲೆಕ್ಕಕ್ಕ ಎಷ್ಟು ಚೀಲ ಇಡಸ್ತೀರಿ?’

ಅರ್ಧ ಡಿಗ್ರಿಗೂ ತಲೆ ಕೆಡಿಸಿಕೊಂಡ ಗಣಿತದ ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ.

ನಾನು ಅಲೈನ್‌ಮೆಂಟ್ ಅಂಗಡಿ ಮುಟ್ಟಿದ ಸ್ವಲ್ಪ ಹೊತ್ತಿಗೆ ಅವಳು ಆಟೋದಲ್ಲಿ ಬಂದಿಳಿದಳು. ಎಡಗಡೆಗೆ ಚೀಲ ಎತ್ತಿ ತರುತ್ತಿದ್ದ ಮೆಹಬೂಬನನ್ನು ತಡೆದು, ತಾನೇ ಹತ್ತಿ ಕೂತಳು. ಪಕ್ಕದಲ್ಲಿ ಬೆಲ್ಟು ಕಟ್ಟಿಕೊಂಡ ಅಕ್ಕಿ. ಮೆಹಬೂಬ ಸಂಕೋಚದಿಂದ, ‘ಅಕ್ಕಾರ, ಚೀಲ ಇಳಿಸಿ ಸರನ್ನ ಕುಂದ್ರಸ್ಲೇನ್ರಿ?’ ಎಂದು ಕೇಳಿದ.

ಶಾರದಾ ಆ ಚೀಲಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ‘ಇವೇ ಇರ್ಲಿ ಬಿಡಪಾ,’ ಎಂದಳು. ‘ಇವು ಮಾತಾಡಂಗಿಲ್ಲ.’

ಅಂಕಿಗಳು ಹಸಿರಾಗುವವರೆಗೆ ನಾನು ಹೊರಗೆ ಇನ್ನೊಂದು ಚೀಲದಂತೆ ನಿಂತಿದ್ದೆ.