ಗೌನಿನ ಹಿಂಬದಿ

ನಮ್ಮ ಚಿಕ್ಕಮ್ಮ ಮೂವತ್ತು ವರ್ಷದಿಂದ ಹೆಂಗಸರ ಟೈಲರ್. “ನೀವೇ ಬಿಗಿಯಾಗಿ ಹೊಲಿದಿದೀರ” ಎಂದು ದೂರು ಹೇಳದ ಗಿರಾಕಿಯನ್ನು ಅವಳು ಕಂಡಿಲ್ಲ. ತಾನು ದಪ್ಪಗಾದೆ ಎಂದು ಒಬ್ಬಳೂ ಬಾಯಿಬಿಟ್ಟಿಲ್ಲ. ಹೋದ ತಿಂಗಳು ಅಂಗಡಿ ಬಾಗಿಲು ಹಾಕಿ, ಒಬ್ಬಳೇ ಪರದೇಶದ ಹಳೆಯ ರಾಜಧಾನಿಯೊಂದನ್ನು ನೋಡಲು ಹೋದಳು. ಮೊದಲ ದಿನ ಸಂಜೆ ಫೋನ್ ಮಾಡಿದೆ.

“ಏನೇನು ನೋಡಿದೆ ಚಿಕ್ಕಮ್ಮ?”

“ಅರಮನೇಲಿ ರಾಣಿ ಗೌನು. ಅಷ್ಟರಲ್ಲೇ ಸಂಜೆ ಆಯ್ತು.”

“ಕೋಟೆ, ಗೋಪುರ?”

“ಅವೆಲ್ಲ ನಾಳೆನೂ ಇರ್ತವೆ ಬಿಡು. ಜನ ಎಲ್ಲ ಮುಂದೆ ನಿಂತು ಗೌನಿನ ಮುತ್ತು ನೋಡ್ತಿದ್ರು. ನಾನು ಗಾಜಿನ ಪೆಟ್ಟಿಗೆ ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ. ಸೊಂಟದ ಹೊಲಿಗೆ ಎರಡು ಸಲ ಬಿಚ್ಚಿ ಅಗಲ ಮಾಡಿದಾರೆ ಕಣೋ. ಹಳೇ ಸೂಜಿ ತೂತು ಹಾಗೇ ಇದೆ.”

ಮನಸಾರೆ ನಕ್ಕು ಆಮೇಲೆ ಅಂದಳು:

“ಪಾಪ, ಆ ಟೈಲರ್ ಎಷ್ಟು ಬೈಸ್ಕೊಂಡಿದ್ನೋ.”